ಕುದುರೆಗೆ ಬೇಕಾಗಿರೋದು ಲೆನ್ಸು, ಹೊಸ ಡಬ್ಬಿ ಅಲ್ಲ

1/10

ದೋಸ್ತ್ರೆ, ಇದು ಉದ್ದ ಇದೆ, ಹತ್ತು ಪೋಸ್ಟು. ಫೋಟೋ ನೋಡಿ ಹಾರ್ಟ್ ಒತ್ತಿ ಹೋಗೋರು ಹೋಗ್ಲಿ, ಬೇಜಾರಿಲ್ಲ. ಆದ್ರೆ ಕ್ಯಾಮೆರಾ ತಗೋತೀನಿ ಅಂತ ಮನೇಲಿ ಈಗಾಗಲೇ ದುಡ್ಡು ಕೇಳಿರೋರು ಇದ್ದೀರಲ್ಲ, ನೀವು ಮಾತ್ರ ಕೂತು ಓದಬೇಕು.

ಇನ್‌ಬಾಕ್ಸಿಗೆ ಬರೋ ಪ್ರಶ್ನೆ ಒಂದೇ. "ಮದುವೆ ಸೀಸನ್ನಿಗೆ ಪಾರ್ಟ್ ಟೈಮ್ ಕುದುರೆ ಫೋಟೋ ಹೊಡಿಬೇಕು, ಬಜೆಟ್ ಕಡಿಮೆ ಐತೆ, ಯಾವ ಕ್ಯಾಮೆರಾ ತಗೊಳ್ಳಿ?" ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಕುದುರೆಗೆ ಕೆಲಸ ಇದೆ. ಹರಪನಹಳ್ಳಿ, ಕೊಟ್ಟೂರು, ದಾವಣಗೆರೆ ಕಡೆ ಮದುಮಗ ಕುದುರೆ ಏರಿ ಬರ್ತಾನೆ, ಇಲ್ಲಾ ಸಾರೋಟಿನಲ್ಲಿ ಕೂತು ಬರ್ತಾನೆ. ಭರತ ಹುಣ್ಣಿಮೆ ಬಂದ್ರೆ ನಮ್ಮ ದುರ್ಗದಲ್ಲಿ ಉಚ್ಚಂಗೆಮ್ಮನ ಜಾತ್ರೆ, ಅದೇ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ. ಕಾಲೇಜು ಓದ್ತಾ ಶನಿವಾರ ಭಾನುವಾರ ನಾಲ್ಕು ಕಾಸು ದುಡಿಯೋಣ ಅನ್ನೋದು ಒಳ್ಳೇ ಯೋಚನೆನೇ.

ಕೆಟ್ಟದ್ದು ಏನಂದ್ರೆ, ಈ ಪ್ರಶ್ನೆಗೆ ಅಂಗಡಿ ಕೌಂಟರು ಕೊಡೋ ಉತ್ತರ, ರೀಲ್ಸಿನಲ್ಲಿ ಡಬ್ಬಿ ಬಿಚ್ಚೋರು ಕೊಡೋ ಉತ್ತರ. ಹೊಸ ಬಾಡಿ, ಜೊತೆಗೆ 18-55 ಕಿಟ್ ಲೆನ್ಸು, ಒಂದು ಬ್ಯಾಗು ಫ್ರೀ, ಒಂದು ಕಾರ್ಡು ಫ್ರೀ, ಉಳಿದದ್ದು ಕಂತು. ಕುದುರೆ ಫೋಟೋಗೆ ಇದಕ್ಕಿಂತ ಕೆಟ್ಟ ಖರೀದಿ ಇನ್ನೊಂದಿಲ್ಲ ಅನ್ನೋದು ನನ್ನ ವಾದ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದ್ಲು ಇಲ್ಲೇ ಎಲ್ಲಾ ಹೇಳ್ತೀನಿ. ನಿನಗೊಬ್ಬನಿಗೇ, ನಿನಗೊಬ್ಬಳಿಗೇ ಹೇಳ್ತಿದೀನಿ ಅಂದ್ಕೊಂಡು ಓದು.

#ಉಚ್ಚಂಗಿದುರ್ಗ #ಕುದುರೆಫೋಟೋ

2/10

ಮೊದಲು ಕುದುರೆ ಏನು ಮಾಡುತ್ತೆ ನೋಡು, ಕ್ಯಾಮೆರಾ ಆಮೇಲೆ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡೋ ಕುದುರೆ ಸೆಕೆಂಡಿಗೆ 11 ಮೀಟರ್ ದಾಟುತ್ತೆ. ಶಟರ್ 1/60ರಲ್ಲಿ ಇಟ್ರೆ ಆ ಚಿಕ್ಕ ಗಳಿಗೆಯಲ್ಲೇ ಅದರ ಮೈ ಹದಿನೆಂಟು ಸೆಂಟಿಮೀಟರ್ ಸರಿದಿರುತ್ತೆ. ಅಂದ್ರೆ ಒಂದು ಗೇಣು. 1/1000ರಲ್ಲಿ ಇಟ್ರೆ ಹನ್ನೊಂದು ಮಿಲಿಮೀಟರ್, ಅಷ್ಟೆ. ಗೊರಸಿನ ಕತೆ ಇನ್ನೂ ಬೇರೆ: ಕಾಲು ಮುಂದಕ್ಕೆ ಬೀಸುವಾಗ ಅದು ಮೈಗಿಂತ ಜೋರಾಗಿ ಹೋಗ್ತಿರುತ್ತೆ. ಹಂಗಾಗಿ ಓಟಕ್ಕೆ 1/1000 ಕನಿಷ್ಠ ಅಂತ ತಲೇಲಿ ಇಟ್ಕೋ. ಕುಕ್ಕುಲೋಟಕ್ಕೆ 1/500 ಸಾಕು, ಮೆರವಣಿಗೆಯ ನಡಿಗೆಗೆ 1/250 ನಡೆಯುತ್ತೆ.

ಇದು ಹೊಸ ಜ್ಞಾನ ಏನಲ್ಲ. ಜೋರು ಶಟರ್ ಅನ್ನೋದಕ್ಕೆ ಹೆಸರು ತಂದುಕೊಟ್ಟಿದ್ದೇ ಕುದುರೆ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾ ಸಾಲಾಗಿಟ್ಟು ಓಡೋ ಕುದುರೆಯ ಚಿತ್ರ ತೆಗೆದ. ಅಲ್ಲೀವರೆಗೂ ಚಿತ್ರಕಾರರು ಮುಂದಿನ ಕಾಲು ಮುಂದಕ್ಕೆ, ಹಿಂದಿನ ಕಾಲು ಹಿಂದಕ್ಕೆ ಚಾಚಿದ ಕುದುರೆಯನ್ನ ಗಾಳಿಯಲ್ಲಿ ತೇಲಿಸ್ತಿದ್ರು. ನಾಲ್ಕೂ ಗೊರಸು ನೆಲ ಬಿಡೋದು ನಿಜ, ಆದ್ರೆ ಅದು ಕಾಲುಗಳೆಲ್ಲ ಹೊಟ್ಟೆ ಕೆಳಗೆ ಮಡಚಿಕೊಂಡಾಗ ಅಂತ ಆ ಫೋಟೋಗಳು ತೋರಿಸಿದ್ವು.

ಈಗ ಅಂಗಡಿಯವನು ಹೇಳಲ್ಲ ಅನ್ನೋ ಮಾತು. ಅಗ್ಗದ ಕ್ಯಾನನ್ 1500ಡಿ ತಗೋ, ನಿಕಾನ್ ಡಿ3500 ತಗೋ, ಹದಿನೈದು ವರ್ಷದ ಹಳೇ ಬಾಡಿ ತಗೋ, ಎಲ್ಲದರಲ್ಲೂ ಶಟರ್ 1/4000ಕ್ಕೆ ಹೋಗುತ್ತೆ, ಕೆಲವು ಹಳೇ ಬಾಡಿ 1/8000ಕ್ಕೂ ಹೋಗ್ತಾವೆ. ಶಟರ್ ವೇಗ ನೀನು ದುಡ್ಡು ಕೊಟ್ಟು ಹೊಸದಾಗಿ ಕೊಳ್ಳೋ ವಸ್ತುನೇ ಅಲ್ಲ. ಆ ವೇಗಕ್ಕೆ ಸಾಲುವಷ್ಟು ಬೆಳಕು ಒಳಗೆ ಬಿಡೋ ಲೆನ್ಸು ನಿನ್ನ ಹತ್ರ ಇದೆಯಾ ಅನ್ನೋದೊಂದೇ ಪ್ರಶ್ನೆ.

3/10

ಬೆಳಕಿನ ಲೆಕ್ಕ ಮಾಡೋಣ. ಕಷ್ಟ ಏನಿಲ್ಲ, ಹೈಸ್ಕೂಲು ಗಣಿತ.

ಕಿಟ್ ಲೆನ್ಸನ್ನ 55ಕ್ಕೆ ಜೂಮ್ ಮಾಡಿದ ತಕ್ಷಣ ಅದರ ಬಾಯಿ ಎಫ್ 5.6ಕ್ಕೆ ಸಣ್ಣ ಆಗುತ್ತೆ. 50 ಎಂಎಂ ಎಫ್ 1.8 ಅನ್ನೋ ಪುಟಾಣಿ ಲೆನ್ಸು ಇದೆಯಲ್ಲ, ಅಂಗೈಯಲ್ಲಿ ಮುಚ್ಚಿಟ್ಕೋಬಹುದಾದಷ್ಟು ಚಿಕ್ಕದು, ಅದು 1.8ಕ್ಕೆ ತೆರೆಯುತ್ತೆ. 5.6ನ್ನ 1.8ರಿಂದ ಭಾಗಿಸಿ ವರ್ಗ ಮಾಡು. ಸುಮಾರು 9.7. ಅಂದ್ರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ರಾತ್ರಿ ಮೆರವಣಿಗೆಯಲ್ಲಿ ಕಿಟ್ ಲೆನ್ಸು 1/60 ಕೊಡೋ ಜಾಗದಲ್ಲಿ, ಅದೇ ಐಎಸ್‌ಒದಲ್ಲಿ, ಈ ಪುಟಾಣಿ 1/500 ದಾಟಿಸುತ್ತೆ. ಒಂದು ಗೇಣು ಅಳಿಸಿಹೋದ ಕುದುರೆಗೂ, ಕಣ್ಣಿನ ರೆಪ್ಪೆ ಕಾಣೋ ಕುದುರೆಗೂ ಇರೋ ವ್ಯತ್ಯಾಸ ಇದು. ಬಾಡಿ ಬದಲಾಯಿಸಿ ಈ ಹತ್ತು ಪಟ್ಟು ಗಳಿಸೋಕೆ ಎಷ್ಟು ಲಕ್ಷ ಸುರಿಬೇಕು ಗೊತ್ತಾ? ಸುರಿದ್ರೂ ಪೂರಾ ಸಿಗೋದು ಕಷ್ಟ.

ಮೈಲಾರಕ್ಕೆ ಹೋದೋರಿಗೆ ಇದು ಅರ್ಥ ಆಗುತ್ತೆ. ಕಾರ್ಣಿಕದ ದಿನ ಧರ್ಮದರ್ಶಿಗಳು ಕುದುರೆ ಏರಿ ಡೆಂಕನಮರಡಿಗೆ ಬರ್ತಾರೆ. ಹೊತ್ತು ಇಳಿದಿರುತ್ತೆ. ಭಂಡಾರ ತೂರಿ ತೂರಿ ಗಾಳಿಯೆಲ್ಲ ಹಳದಿ. ಬಿಲ್ಲೇರಿದ ಗೊರವಯ್ಯ ನುಡಿಯೋ ಮುಂಚೆ ಅಷ್ಟು ಜನಸಾಗರ ಒಂದೇ ಏಟಿಗೆ ಸುಮ್ಮನಾಗುತ್ತೆ. ಆ ಬೆಳಕು ಇಪ್ಪತ್ತು ನಿಮಿಷ ಇರುತ್ತೋ ಇಲ್ಲವೋ. ಅಂಥ ಹೊತ್ತಲ್ಲಿ ಫ್ಲಾಶ್ ಎತ್ತೋದು ಅಸಭ್ಯ, ಜೊತೆಗೆ ಕೆಲಸಕ್ಕೂ ಬರಲ್ಲ, ಅಷ್ಟು ದೂರ ಬೆಳಕು ಮುಟ್ಟಲ್ಲ. ನಿನ್ನ ಕೈಯಲ್ಲಿ ಎಫ್ 5.6 ಇದ್ರೆ ಕುದುರೆ ಮಸುಕು, ಇಲ್ಲಾ ಫೋಟೋ ತುಂಬಾ ಕಾಳು ಕಾಳು. (ಇನ್ನೊಂದು ಮಾತು: ಆ ನಿಶ್ಶಬ್ದದಲ್ಲಿ ಮಷಿನ್‌ಗನ್ ತರ ಟಕಟಕ ಅಂತ ಶಟರ್ ಹೊಡಿಬೇಡ. ಸುತ್ತ ನಿಂತೋರು ಫೋಟೋಗ್ರಾಫರ್ ಜಾತಿಗೇ ಬೈತಾರೆ, ಬೈಬೇಕು ಕೂಡ.)

4/10

"ಫೋನೇ ಸಾಕಲ್ಲ, 200 ಮೆಗಾಪಿಕ್ಸೆಲ್ ಐತೆ" ಅನ್ನೋ ಬಣ ಒಂದಿದೆ. ಹಗಲು ಹೊತ್ತು ನಿಂತ ಕುದುರೆಗೆ ಫೋನು ಸಾಕು, ಒಪ್ಪಿದೆ. ಸಮಸ್ಯೆ ಬೇರೆ ಕಡೆ ಇದೆ.

ಫೋನಿನ ಮುಖ್ಯ ಲೆನ್ಸು ಅಗಲದ್ದು. ಕುದುರೆ ಫ್ರೇಮ್ ತುಂಬಬೇಕು ಅಂದ್ರೆ ಅದರ ಮೂತಿ ಹತ್ತಿರಕ್ಕೆ ಹೋಗ್ಲೇಬೇಕು. ಹತ್ತಿರ ಹೋದ್ರೆ ತಲೆ ಡೋಲಿನಷ್ಟು ದಪ್ಪ, ಹಿಂದಿನ ಕಾಲು ಆಡಿನ ಕಾಲಿನಷ್ಟು ಸಣ್ಣ. ಕುದುರೆ ಸಾಕಿದೋರು ಅಂಥ ಫೋಟೋ ನೋಡಿದ್ರೆ ನಗ್ತಾರೆ. ಕುದುರೆಯ ಅಂದ ಇರೋದೇ ಅದರ ಅಳತೆಯಲ್ಲಿ: ಕತ್ತು, ಬೆನ್ನು, ಕಾಲು ಒಂದಕ್ಕೊಂದು ಹೊಂದಬೇಕು. ದೂರ ನಿಂತು, ಅದರ ಎದೆಯ ಮಟ್ಟಕ್ಕೆ ಬಗ್ಗಿ, ಉದ್ದ ಲೆನ್ಸಿನಲ್ಲಿ ತೆಗೆದ್ರೆ ಮಾತ್ರ ಆ ಅಳತೆ ಉಳಿಯುತ್ತೆ. ನಂಬಿಕೆ ಬರದಿದ್ರೆ ನಮ್ಮ ಜಿಲ್ಲೆಯಲ್ಲೇ ಹಂಪಿ ಇದೆ, ಹೋಗಿ ಹಜಾರರಾಮ ದೇವಸ್ಥಾನದ ಹೊರಗೋಡೆ ನೋಡು. ಸಾಲು ಸಾಲು ಕುದುರೆ ಕೆತ್ತಿದ್ದಾರೆ, ಎಲ್ಲಾ ಪಕ್ಕದಿಂದ ನೋಡಿದ ಹಾಗೆ. ಕೆತ್ತಿದೋರಿಗೆ ಕುದುರೆಯನ್ನ ಎಲ್ಲಿ ನಿಂತು ನೋಡಬೇಕು ಅಂತ ಗೊತ್ತಿತ್ತು. ಅಭ್ಯಾಸಕ್ಕೂ ಅದೇ ಒಳ್ಳೇ ಜಾಗ. ಆ ಕುದುರೆಗಳು ಓಡಿಹೋಗಲ್ಲ.

ಎರಡನೇ ಕಾರಣ ನಿನ್ನ ಪಕ್ಕೆಲುಬು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರೋದರಿಂದ ಅದಕ್ಕೆ ಸುತ್ತಲೂ ಹೆಚ್ಚುಕಮ್ಮಿ ಎಲ್ಲಾ ಕಾಣುತ್ತೆ. ಹಣೆಯ ನೇರ ಮುಂದೆ ಮತ್ತು ನೇರ ಬಾಲದ ಹಿಂದೆ ಮಾತ್ರ ಕಾಣಲ್ಲ. ಫೋನು ಹಿಡಿದೋನು ಹೋಗಿ ನಿಲ್ಲೋದು ಸರಿಯಾಗಿ ಆ ಎರಡು ಜಾಗದಲ್ಲೇ! ಒಂದು ಕಡೆ ಡಿಜೆ ಎದೆ ನಡುಗಿಸ್ತಿರುತ್ತೆ, ಇನ್ನೊಂದು ಕಡೆ ಪಟಾಕಿ ಸರ, ಮೇಲೆ ಮದುಮಗ ಕುದುರೆ ಹತ್ತಿದ್ದೇ ಜೀವನದಲ್ಲಿ ಮೊದಲ ಸಲ. ಕಿವಿ ಹಿಂದಕ್ಕೆ ಒತ್ತಿಕೊಂಡಿದೆ ಅಂದ್ರೆ ಅದು ಸಿಟ್ಟಿನಲ್ಲಿದೆ ಅಂತ. ಅಂಥ ಹೊತ್ತಲ್ಲಿ ಒಂದು ಹೆಜ್ಜೆ ಹಿಂದೆ ಸರಿಯೋನು ಬುದ್ಧಿವಂತ. ಉದ್ದ ಲೆನ್ಸು ನಿನ್ನನ್ನ ಹತ್ತು ಹೆಜ್ಜೆ ಹಿಂದೆ ನಿಲ್ಲಿಸುತ್ತೆ.

5/10

ಇದು ಚಿಕ್ಕ ಪೋಸ್ಟು.

ಮೆಗಾಪಿಕ್ಸೆಲ್ ಬಗ್ಗೆ ಕೇಳ್ಬೇಡ. ಇಲ್ಲಿ ನೀನು ಈಗ ನೋಡ್ತಿರೋ ಉದ್ದ ಫೋಟೋ 1080 ಅಗಲ, 1350 ಎತ್ತರ. ಗುಣಿಸು. ಒಂದೂವರೆ ಮೆಗಾಪಿಕ್ಸೆಲ್ ಆಗಲ್ಲ. ಮದುವೆ ಆಲ್ಬಮ್ಮಿನ 12-18 ಇಂಚಿನ ಹಾಳೆಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಬೇಕಾಗೋದು 19.4. ಇಂಚಿಗೆ 240 ಸಾಕು ಅಂದ್ರೆ ಹನ್ನೆರಡೂವರೆ. 2009ರ ಕ್ಯಾನನ್ 7ಡಿಯಲ್ಲಿ 18 ಇತ್ತು.

ಮುಂದಿನ ಪೋಸ್ಟು.

6/10

ಈಗ ಹೆಸರು ಹಿಡಿದು ಮಾತಾಡೋಣ. ಇಲ್ಲಾಂದ್ರೆ "ಬರೀ ಭಾಷಣ" ಅಂತೀರಿ.

ಓಡೋ ಕುದುರೆಗೆ ಬಾಡಿಯಿಂದ ಬೇಕಾಗಿರೋದು ಎರಡೇ: ಬಿಡದೆ ಹಿಂಬಾಲಿಸೋ ಫೋಕಸ್ಸು, ಸೆಕೆಂಡಿಗೆ ಸಾಕಷ್ಟು ಫ್ರೇಮು. ನಾಗಾಲೋಟದಲ್ಲಿ ರೇಸ್ ಕುದುರೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ದಾಪು ಹಾಕುತ್ತೆ. ಹೊಸ 1500ಡಿ ಸೆಕೆಂಡಿಗೆ ಮೂರು ಫ್ರೇಮ್ ಕೊಡುತ್ತೆ, ಅಂದ್ರೆ ದಾಪಿಗೆ ಒಂದು ಫ್ರೇಮು ಸಿಕ್ಕಿದ್ರೆ ಪುಣ್ಯ. ಹಳೇ 7ಡಿ ಎಂಟು ಕೊಡುತ್ತೆ, 19 ಫೋಕಸ್ ಬಿಂದು, ಎಲ್ಲವೂ ಕ್ರಾಸ್ ಟೈಪು. 2013ರ 70ಡಿ ಏಳು ಕೊಡುತ್ತೆ. 2016ರ 80ಡಿಯಲ್ಲೂ ಏಳು, ಬಿಂದು 45. ನಿಕಾನ್ ಕಡೆ ಡಿ7100, ಡಿ7200 ಎರಡರಲ್ಲೂ 51 ಬಿಂದು, ಸೆಕೆಂಡಿಗೆ ಆರು. ಡಿ7100ರ ಬಫರ್ ಬೇಗ ತುಂಬುತ್ತೆ, ಜೆಪೆಗ್‌ನಲ್ಲಿ ಹೊಡಿ. ಹೊಸ ಡಬ್ಬಿಯ 3000ಡಿಯಲ್ಲಿ ಲೆನ್ಸು ಕೂರೋ ಮೌಂಟೇ ಪ್ಲಾಸ್ಟಿಕ್ಕು. ಹೊಸದು ಅನ್ನೋದೇ ಒಂದು ಗುಣ ಅಲ್ಲ ಅಂತ ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ.

ನಿಕಾನ್ ತಗೊಳ್ಳೋರಿಗೆ ಒಂದು ಗುಂಡಿ ಇದೆ, ಬೀಳಬೇಡ. ಡಿ3500, ಡಿ5300, ಡಿ5600 ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ತು ಅಂತ ಹಳೇ 50 ಎಂಎಂ 1.8 ಡಿ ಲೆನ್ಸು ತಂದ್ರೆ ಅದು ಕೈಯಲ್ಲಿ ತಿರುಗಿಸಿದ್ರೆ ಮಾತ್ರ ಫೋಕಸ್ ಆಗುತ್ತೆ. ಕುದುರೆ ಅಷ್ಟು ಹೊತ್ತು ಕಾಯಲ್ಲ. ಹೆಸರಿನ ಕೊನೆಗೆ ಜಿ ಇರೋ, ಎಎಫ್-ಎಸ್ ಲೆನ್ಸೇ ಬೇಕು. ಡಿ7100, ಡಿ7200ರಲ್ಲಿ ಮೋಟರ್ ಇದೆ, ಎರಡೂ ನಡೆಯುತ್ತೆ. ಇದಕ್ಕೆ ತಿರುಗುಮುರುಗು ಇನ್ನೊಂದು: ಎಎಫ್-ಪಿ ಅಂತ ಬರೋ ಹೊಸ ಲೆನ್ಸುಗಳು ಡಿ90, ಡಿ7000 ತರದ ಹಳೇ ಬಾಡಿಯಲ್ಲಿ ಫೋಕಸ್ಸೇ ಆಗಲ್ಲ. ಕ್ಯಾನನ್ನಿನ ಇಎಫ್ ಲೆನ್ಸುಗಳಲ್ಲಿ ಈ ತಲೆನೋವಿಲ್ಲ, ಮೋಟರ್ ಲೆನ್ಸೊಳಗೇ ಇರುತ್ತೆ.

ಲೆನ್ಸು ಯಾವುದು? ಹಗಲಿಗೆ 55-250 ಎಸ್‌ಟಿಎಂ. ಹಗುರ, ಚೂಪು, ಈ ಸೆನ್ಸರ್ ಮೇಲೆ 400 ಎಂಎಂ ತನಕ ಮುಟ್ಟಿದ ಹಾಗೆ. ರಾತ್ರಿಗೆ 50 ಎಂಎಂ 1.8, ಕೈ ಸ್ವಲ್ಪ ಬಿಗಿ ಇಲ್ಲದಿದ್ರೆ 85 ಎಂಎಂ 1.8. ಮುಗೀತು. 18-55 ಇಲ್ಲದೇನೂ ಬದುಕಬಹುದು.

ಈಗಾಗಲೇ ಮನೇಲಿ 1500ಡಿನೋ 200ಡಿನೋ ಇದ್ರೆ? ಬಾಡಿ ಮುಟ್ಟಬೇಡ. ಈ ಎರಡು ಲೆನ್ಸು ತಗೋ, ನಡುವಿನ ಬಿಂದು ಒಂದನ್ನೇ ಇಟ್ಕೊಂಡು ಸರ್ವೋ ಮೋಡಿಗೆ ಹಾಕಿ, ಕುದುರೆಯ ಭುಜದ ಮೇಲೆ ಹಿಡ್ಕೊಂಡು ಜೊತೆಜೊತೆಗೇ ತಿರುಗು.

7/10

ದುಡ್ಡು. ಅಸಲಿ ಜಗಳ ಇರೋದೇ ಇಲ್ಲಿ.

ಹೊಸ ಡಬ್ಬಿಗೆ ತಿಂಗಳಿಗೆ 3,500 ಕಂತು, 18 ತಿಂಗಳು ಅಂತ ಇಟ್ಕೋ. ಒಟ್ಟು 63,000. ನೀನು ಪಾರ್ಟ್ ಟೈಮು. ಪರೀಕ್ಷೆ, ಇಂಟರ್ನಲ್ಸ್, ಹೊಲದ ಕೆಲಸ ಎಲ್ಲಾ ಕಳೆದು ವರ್ಷಕ್ಕೆ 12 ದಿನ ಕೆಲಸ ಸಿಕ್ತು, ದಿನಕ್ಕೆ 1,500 ಕೊಟ್ರು ಅಂತ ಹಿಡಿ. ಹದಿನೆಂಟು ತಿಂಗಳಿಗೆ 18 ದಿನ, 27,000. ಉಳಿದ 36,000 ಯಾರು ಕಟ್ತಾರೆ? ಅಪ್ಪ. ಮೆಕ್ಕೆಜೋಳ ಮಾರಿದ ದುಡ್ಡಲ್ಲಿ. ನಿನ್ನ ಅಂಕಿ ಬೇರೆ ಇರಬಹುದು, ನಿನ್ನದನ್ನೇ ಹಾಕಿ ಗುಣಿಸು, ಆದ್ರೆ ಗುಣಿಸದೆ ಮಾತ್ರ ಸಹಿ ಹಾಕ್ಬೇಡ. ಆಷಾಢ ಬಂದ್ರೆ ಮದುವೆ ನಿಲ್ತಾವೆ, ಧನುರ್ಮಾಸ ಬಂದ್ರೆ ನಿಲ್ತಾವೆ. ಕಂತು ಯಾವ ಮಾಸಕ್ಕೂ ನಿಲ್ಲಲ್ಲ.

ಇನ್ನೂ ಒಂದು ವಿಷಯ ಯಾರೂ ಹೇಳಲ್ಲ. ಸಾಲದ ಕ್ಯಾಮೆರಾ ಕೈಯಲ್ಲಿದ್ರೆ ನಿನಗೆ ಬೇಡ ಅನ್ನೋ ಶಕ್ತಿ ಹೋಗುತ್ತೆ. ರಾತ್ರಿ ಎರಡು ಗಂಟೆವರೆಗೆ ಬಾ, ಊಟಕ್ಕೆ ಮಾತ್ರ ಕೊಡ್ತೀನಿ, ಮುಂದಿನ ಸಲ ನೋಡೋಣ ಅಂದ್ರೂ ಹೋಗ್ತೀಯ. ನಾಳೆ ಬೆಳಿಗ್ಗೆ ಲ್ಯಾಬ್ ಇದ್ರೂ ಹೋಗ್ತೀಯ. ನಮ್ಮ ಬ್ಯಾಚಿನಲ್ಲೇ ಅಟೆಂಡೆನ್ಸ್ ಕಡಿಮೆ ಆಗಿ ಕೂತಿರೋರು ಯಾಕೆ ಹಂಗಾದ್ರು ಅಂತ ನಿಮಗೂ ಗೊತ್ತು, ಹೆಸರು ಬೇಡ.

ನಾನು ಹೇಳೋ ಹಂಚಿಕೆ ಹಿಂಗಿದೆ. ಕೈಯಲ್ಲಿ ಇರೋ ದುಡ್ಡೇ ಬಜೆಟ್ಟು, ಬರಬಹುದಾದ ದುಡ್ಡಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆ ಹೋಗಬಾರದು. ಮಿಕ್ಕ ಅರ್ಧದಲ್ಲಿ ಎರಡು ಲೆನ್ಸು, ಒಂದು ಹೆಚ್ಚಿನ ಬ್ಯಾಟರಿ, ಒಳ್ಳೇ ಕಾರ್ಡು ಎರಡು. ಫ್ರೀ ಬ್ಯಾಗು ಬಂದಿಲ್ಲ ಅಂತ ಅಳಬೇಡ, ಕಾಲೇಜ್ ಬ್ಯಾಗಿನಲ್ಲಿ ಟವೆಲ್ ಸುತ್ತಿಟ್ರೆ ನಡೆಯುತ್ತೆ. ದುಡ್ಡು ಅಷ್ಟಕ್ಕೂ ಸಾಲಲ್ವಾ? ಹಂಗಾದ್ರೆ ಬಾಡಿಗೆ ಸುರಿಯೋದನ್ನ ಬಿಟ್ಟು ಬಾಡಿಗೆಗೆ ತಗೋ! (ಕನ್ನಡದಲ್ಲಿ ಈ ಎರಡು ಪದ ಒಂದೇ ತರ ಇರೋದು ದೇವರೇ ನಮಗೆ ಕೊಟ್ಟ ಸೂಚನೆ ಅಂತ ನನ್ನ ನಂಬಿಕೆ.) ವರ್ಷಕ್ಕೆ ಹನ್ನೆರಡು ದಿನದ ಕೆಲಸಕ್ಕೆ ಮೈಸೂರು ದಸರೆಯ ಪಂಜಿನ ಕವಾಯತಿಗೆ ಹೋಗೋರ ಲೆನ್ಸು ಮನೇಲಿ ಇರಲೇಬೇಕು ಅಂತಿಲ್ಲ. ಯಾವ ದಿನ ದೊಡ್ಡ ಕೆಲಸವೋ ಆ ದಿನಕ್ಕೆ 70-200 ಬಾಡಿಗೆಗೆ ತಂದು, ಆ ಖರ್ಚನ್ನ ಕೆಲಸದ ರೇಟಿನಲ್ಲೇ ಸೇರಿಸಿ ಹೇಳು.

8/10

"ಸೆಕೆಂಡ್ ಹ್ಯಾಂಡ್ ಅಂದ್ರೆ ಮೋಸ ಅಲ್ವಾ?" ಕೆಲವು ಸಲ ಹೌದು. ಅದಕ್ಕೇ ನೋಡೋದು ಕಲಿ, ಹತ್ತು ನಿಮಿಷದ ಕೆಲಸ.

ಬೆಳಕಿರೋ ಹೊತ್ತಲ್ಲಿ, ಜನ ಓಡಾಡೋ ಜಾಗದಲ್ಲಿ ಭೇಟಿ ಮಾಡು. ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡು. ಜೇಡರ ಬಲೆ ತರ ಎಳೆ ಎಳೆ ಕಂಡ್ರೆ ಫಂಗಸ್, ಅಲ್ಲೇ ವಾಪಸ್ ಕೊಡು, ಎಷ್ಟು ಇಳಿಸಿದ್ರೂ ಬೇಡ. ನಾಲ್ಕು ಧೂಳಿನ ಕಣಕ್ಕೆ ಹೆದರಬೇಡ, ನಮ್ಮ ಊರ ಧೂಳಲ್ಲಿ ಹೊಸ ಲೆನ್ಸಿಗೂ ಮೂರು ತಿಂಗಳಲ್ಲಿ ಅದು ಬರುತ್ತೆ. ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ರೆ ಸೆನ್ಸರ್ ಮೇಲಿನ ಕೊಳೆ ಕಾಣುತ್ತೆ. ಮುಚ್ಚಳ ಹಾಕಿ ಒಂದು ಫೋಟೋ ತೆಗೆದ್ರೆ ಹಾಟ್ ಪಿಕ್ಸೆಲ್ ಕಾಣುತ್ತೆ. ಆಮೇಲೆ ರಸ್ತೆಗೆ ತಿರುಗಿ ಬರ್ತಿರೋ ಬೈಕಿನ ಮೇಲೆ ಫೋಕಸ್ ಇಟ್ಟು ಇಪ್ಪತ್ತು ಫ್ರೇಮ್ ಹೊಡಿ. ಕುದುರೆ ಅಲ್ಲಿ ಸಿಗಲ್ಲ, ಬೈಕು ಸಿಗುತ್ತೆ. ಹದಿನೈದಾದ್ರೂ ಚೂಪಾಗಿ ಬರಬೇಕು.

ಶಟರ್ ಎಷ್ಟು ಸಲ ಬಡಿದಿದೆ ಕೇಳು. ನಿಕಾನ್ ಆದ್ರೆ ಫೋಟೋ ಫೈಲಿನೊಳಗೇ ಆ ಅಂಕಿ ಬರೆದಿರುತ್ತೆ, ಸುಳ್ಳು ಹೇಳೋಕಾಗಲ್ಲ. ಕ್ಯಾನನ್ನಿನಲ್ಲಿ ಹೆಚ್ಚಿನ ಮಾಡೆಲ್ಲುಗಳ ಫೈಲಿನಲ್ಲಿ ಅದು ಸಿಗಲ್ಲ, ಹಿಡಿಕೆಯ ರಬ್ಬರು ನೋಡಿ ಅಂದಾಜು ಮಾಡು. 7ಡಿ ಮತ್ತು ಡಿ7200ರ ಶಟರನ್ನ ಒಂದೂವರೆ ಲಕ್ಷ ಬಡಿತಕ್ಕೆ ಅಂತ ಪರೀಕ್ಷೆ ಮಾಡಿದ್ದಾರೆ. ಮದುವೆ ಸ್ಟುಡಿಯೋದಿಂದ ಬಂದ ಬಾಡಿ ಆ ಅಂಕಿಯ ಹತ್ತಿರ ಇರೋ ಸಾಧ್ಯತೆ ಜಾಸ್ತಿ. ಹವ್ಯಾಸಕ್ಕೆ ತಗೊಂಡು ಬೀರುವಿನಲ್ಲಿ ಇಟ್ಟೋರ ಬಾಡಿ ಹುಡುಕು. ಹೊಸ ಡಬ್ಬಿ ತಗೊಂಡು ಆರು ತಿಂಗಳಿಗೆ ಬೇಜಾರಾಗಿ ಮಾರೋರು ಬೇಕಾದಷ್ಟು ಜನ ಇದ್ದಾರೆ. ಬಿಲ್ ಇಲ್ಲದ ಮಾಲು ಮಾತ್ರ ಮುಟ್ಟಬೇಡ, ಅದು ಯಾರ ಮನೆಯ ಕಳವೋ.

9/10

ಈಗ ಎದುರು ವಾದ. ಗಟ್ಟಿ ಇರೋದನ್ನೇ ತಗೋತೀನಿ.

"ಡಿಎಸ್‌ಎಲ್‌ಆರ್ ಕಾಲ ಮುಗೀತು, ಮಿರರ್‌ಲೆಸ್ಸೇ ಮುಂದೆ." ನಿಜ. ಕಂಪನಿಗಳು ಹೊಸ ಲೆನ್ಸು ಮಾಡ್ತಿರೋದು ಆ ಕಡೆಗೇ. ಕಣ್ಣು ಹುಡುಕಿ ಫೋಕಸ್ ಮಾಡೋದು ಅವುಗಳಲ್ಲಿ ಅದ್ಭುತ. ಆದ್ರೆ ಯಾರ ಕಣ್ಣು? 2022ರಲ್ಲಿ ಬಂದ ಆರ್6 ಮಾರ್ಕ್ 2ರಲ್ಲಿ ಕ್ಯಾನನ್ ಪ್ರಾಣಿಗಳ ಪಟ್ಟಿಗೆ ಕುದುರೆಯನ್ನೂ ಸೇರಿಸ್ತು. ಅದಕ್ಕೂ ಮುಂಚಿನ ಪಟ್ಟಿಯಲ್ಲಿ ಇದ್ದದ್ದು ನಾಯಿ, ಬೆಕ್ಕು, ಹಕ್ಕಿ. ಆ ಕ್ಯಾಮೆರಾದ ಬೆಲೆ ಕೇಳಿ ಬಾ, ಆಮೇಲೆ ಮಾತಾಡೋಣ. ನಿನ್ನ ಬಜೆಟ್ಟಿಗೆ ಬರೋ ಮಿರರ್‌ಲೆಸ್ ಡಬ್ಬಿಯ ಜೊತೆ ಕೊಡೋ ಚಿಕ್ಕ ಲೆನ್ಸು ಎಫ್ 6.3ಕ್ಕೆ ಬಾಯಿ ಮುಚ್ಚಿಕೊಳ್ಳುತ್ತೆ, ಹಳೇ ಕಿಟ್ಟಿಗಿಂತಲೂ ಕತ್ತಲೆ. ಇವತ್ತು ಕೊಂಡ ಇಎಫ್ ಲೆನ್ಸು ನಾಳೆ ಒಂದು ಅಡಾಪ್ಟರ್ ಹಾಕಿದ್ರೆ ಕ್ಯಾನನ್ ಮಿರರ್‌ಲೆಸ್ ಮೇಲೂ ಆಟೋಫೋಕಸ್ ಸಮೇತ ಕೆಲಸ ಮಾಡುತ್ತೆ. ಆ ದುಡ್ಡು ಮುಳುಗಲ್ಲ. ಮುಳುಗೋದು ಬಾಡಿಗೆ ಹಾಕಿದ್ದು.

"ಮದುವೆ ಮನೆಯೋರು ರೀಲ್ಸ್ ಕೇಳ್ತಾರೆ." ಇದು ನನಗೂ ಗಟ್ಟಿ ವಾದ ಅನ್ಸುತ್ತೆ. ವಿಡಿಯೋ ನಿನ್ನ ಮುಖ್ಯ ಕೆಲಸ ಆದ್ರೆ 7ಡಿ ಬೇಡ, ಅದು ವಿಡಿಯೋದಲ್ಲಿ ತಾನಾಗಿ ಫೋಕಸ್ ಹಿಂಬಾಲಿಸಲ್ಲ. 70ಡಿ, 80ಡಿ, 200ಡಿ ನೋಡು, ಇವುಗಳಲ್ಲಿ ಡ್ಯುಯಲ್ ಪಿಕ್ಸೆಲ್ ಇದೆ. ಹೊಸ 1500ಡಿಯಲ್ಲಿ ಇಲ್ಲ, ಗೊತ್ತಿರಲಿ. ಇಲ್ಲಾಂದ್ರೆ ವಿಡಿಯೋವನ್ನ ಫೋನಿನಲ್ಲೇ ಮಾಡು, ಹಗಲಿನ ರೀಲ್ಸಿಗೆ ಯಾರೂ ವ್ಯತ್ಯಾಸ ಕಂಡುಹಿಡಿಯಲ್ಲ.

"ಹಳೇ ಕ್ಯಾಮೆರಾ ನೋಡಿದ್ರೆ ಕಸ್ಟಮರ್ ಮರ್ಯಾದೆ ಕೊಡಲ್ಲ." ಇದಕ್ಕೆ ಉತ್ತರ ಕೊಡೋ ಅಗತ್ಯ ಕಾಣಲ್ಲ. ಕರಿ ಟೇಪು ಸುತ್ತಿ ಮಾಡೆಲ್ ನಂಬರ್ ಮುಚ್ಚಿಬಿಡು.

10/10

ಯಾಕಿಷ್ಟು ಹಠ ಅಂದ್ರೆ, ನಮ್ಮ ಜಾತ್ರೆಗೆ, ಮೈಲಾರಕ್ಕೆ ಪ್ರತಿ ವರ್ಷ ಹೊರಗಿನಿಂದ ದೊಡ್ಡ ಲೆನ್ಸು ಹೊತ್ತು ಬರ್ತಾರೆ. ಬರಲಿ, ಒಳ್ಳೇ ಫೋಟೋ ತೆಗೀತಾರೆ. ಅದನ್ನ ನೋಡಿ ನಮ್ಮ ಹುಡುಗ್ರು "ಅವರ ಕ್ಯಾಮೆರಾ ಇದ್ರೆ ನಾವೂ ತೆಗೀತಿದ್ವಿ" ಅಂತಾರೆ, ಹೋಗಿ ಸಾಲ ಮಾಡಿ ಕಿಟ್ ಲೆನ್ಸಿನ ಡಬ್ಬಿ ತರ್ತಾರೆ. ಹೊರಗಿನೋರ ಹತ್ರ ಇಲ್ಲದ್ದು ನಿನ್ನ ಹತ್ರ ಇದೆ: ಕುದುರೆ ಹಿಡಿದು ಬರೋ ಅಣ್ಣ ಯಾವ ಓಣಿಯೋನು, ಕುದುರೆ ಬೆಳಿಗ್ಗೆ ಎಷ್ಟೊತ್ತಿಗೆ ಕೆರೆಗೆ ಹೋಗುತ್ತೆ, ಕೋಟೆ ಮೇಲಿನ ಬಿಸಿಲು ಯಾವ ತಿಂಗಳು ಯಾವ ಕಡೆ ಬೀಳುತ್ತೆ. ಬೆಳಿಗ್ಗೆ ಏಳು ಗಂಟೆಯ ಆ ಬಿಸಿಲಲ್ಲಿ ಎಫ್ 5.6ರ 55-250 ಕೂಡ 1/1000 ಕೊಡುತ್ತೆ, ಬಾಡಿ ಹತ್ತು ವರ್ಷ ಹಳೇದಾದ್ರೂ.

ಇನ್ನೊಂದು ಕೆಲಸ ಬಾಕಿ ಇದೆ. ಮದುವೆ ಆಲ್ಬಮ್ಮಿನಲ್ಲಿ ಮದುಮಗ ಇರ್ತಾನೆ, ಕುದುರೆ ಇರುತ್ತೆ, ಹಗ್ಗ ಹಿಡಿದ ಕೈಯನ್ನ ಎಡಿಟಿಂಗಿನಲ್ಲಿ ಕತ್ತರಿಸಿಬಿಡ್ತಾರೆ. ಆ ಕೈಯವನಿಗೆ ತನ್ನ ಕುದುರೆಯ ಒಂದು ಫೋಟೋ ಯಾರೂ ಕೊಟ್ಟಿರಲ್ಲ. ನೀನು ಒಂದು ಪ್ರಿಂಟ್ ಹಾಕಿಸಿ ಕೊಡು. ಕಿವಿ ಮುಂದಕ್ಕೆ ಇರೋ ಫೋಟೋನೇ ಕೊಡು, ಕಿವಿ ಹಿಂದೆ ಬಿದ್ದ ಫೋಟೋ ಕುದುರೆ ಸಾಕಿದೋರು ಇಷ್ಟಪಡಲ್ಲ. ಬಿಳಿ ಕುದುರೆ ಆದ್ರೆ ಎಕ್ಸ್‌ಪೋಶರ್ ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸು, ಇಲ್ಲಾಂದ್ರೆ ಮೀಟರು ಅದನ್ನ ಬೂದಿ ಬಣ್ಣ ಮಾಡುತ್ತೆ. ಕಪ್ಪು ಕುದುರೆಗೆ ಅಷ್ಟೇ ಇಳಿಸು. ಮುಂದಿನ ಸಲ ಅವನೇ ಫೋನ್ ಮಾಡಿ "ಇಂಥ ದಿನ ಇಂಥಲ್ಲಿ ಹೋಗ್ತಿದೀವಿ, ಬರ್ತೀಯಾ" ಅಂತಾನೆ. ಆ ಫೋನ್ ಕರೆ ಯಾವ ಡಬ್ಬಿಯ ಜೊತೆಗೂ ಫ್ರೀ ಬರಲ್ಲ.

ಕಾಮೆಂಟಿನಲ್ಲಿ ಕೇಳೋರು ಹೀಗೆ ಬರೀರಿ: ಕೈಯಲ್ಲಿ ಇರೋ ದುಡ್ಡು ಎಷ್ಟು, ಈಗ ಯಾವ ಬಾಡಿ ಯಾವ ಲೆನ್ಸು ಇದೆ, ಕೆಲಸ ಹಗಲೋ ರಾತ್ರಿಯೋ. ಪರೀಕ್ಷೆ ಮುಗಿಯೋ ತನಕ ನಿಧಾನಕ್ಕೆ ಉತ್ತರ ಕೊಡ್ತೀನಿ. "ಬೆಸ್ಟ್ ಕ್ಯಾಮೆರಾ ಯಾವುದು ಬ್ರೋ" ಅಂತ ಮಾತ್ರ ಬರೆದ್ರೆ ಉತ್ತರ ಇಲ್ಲ.

#ಉಚ್ಚಂಗಿದುರ್ಗ #ಹರಪನಹಳ್ಳಿ #ಮೈಲಾರ #ಕುದುರೆಫೋಟೋ #ಕಂತುಬೇಡ